ಅಮ್ಮನಿಗೊಂದು ಕೇರ್ ಹೋಮ್ ಹುಡುಕಿದ ಕಥೆ

ಕೇರ್ ಹೋಮ್ ನೋಡಲು ಹೋದರೆ ಮೊದಲು ತೋರಿಸುವುದು ಗಾರ್ಡನ್. ಆಮೇಲೆ ಗಣಪತಿ ಗುಡಿ, ಊಟದ ಹಾಲ್, ಗೋಡೆ ಮೇಲೆ ಯುಗಾದಿ, ದೀಪಾವಳಿಯ ಫೋಟೊಗಳು. ಕೊನೆಗೆ ಒಂದು ಖಾಲಿ ರೂಮು. ಹೊಸ ಬೆಡ್‌ಶೀಟ್, ಕಿಟಕಿಗೆ ಹೊಸ ಪರದೆ. ಕಾಫಿ ಬರುತ್ತದೆ, ಬ್ರೋಷರ್ ಬರುತ್ತದೆ. ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಎಷ್ಟು ಅನ್ನುವ ಮಾತಿಗೆ ಬಂದುಬಿಟ್ಟಿರುತ್ತೇವೆ. ಅಷ್ಟು ಹೊತ್ತಿನಲ್ಲಿ ಅಲ್ಲಿ ಹಾಸಿಗೆ ಹಿಡಿದಿರುವ ಒಬ್ಬರನ್ನೂ ನೋಡಿರುವುದಿಲ್ಲ.

ನನಗೂ ಅಕ್ಕನಿಗೂ ಈ ವಿಷಯದಲ್ಲಿ ಕಣ್ಣು ತೆರೆಸಿದವರು ನಮ್ಮ ಬೀದಿಯ ಒಬ್ಬ ನಿವೃತ್ತ ಸ್ಟಾಫ್ ನರ್ಸ್. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಬೀದಿಯವರೆಲ್ಲ ಸಿಸ್ಟರಮ್ಮ ಅಂತಲೇ ಕರೆಯುವುದು. ಅವರು ಹೇಳಿದ್ದು ಇಷ್ಟೇ: "ಎದ್ದು ಓಡಾಡೋರನ್ನ ನೋಡಬೇಡ ಕಣಮ್ಮ. ಅವರು ಬೇಕಾದ್ದು ಕೇಳಿ ಪಡಕೋತಾರೆ. ಮಾತಾಡೋಕೆ ಆಗದೋರು, ಮಗ್ಗುಲು ಬದಲಿಸೋಕೂ ಆಗದೋರು ಹೇಗಿದಾರೆ ನೋಡು. ನಿಮ್ಮಮ್ಮನೂ ಒಂದಿನ ಆ ಹಾಸಿಗೆಗೇ ಬರೋದು."

ಅಕ್ಕನಿಗೆ ಈ ಮಾತು ಕೇಳಿ ಬೇಜಾರಾಯಿತು. ನನಗೂ ಆಯಿತು. ಆದರೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಅಂದರೆ ಅದೇ ಅಲ್ವಾ? ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ನಮ್ಮಮ್ಮ ಅದರಲ್ಲಿ ಒಬ್ಬರು. ತೀರ್ಥಹಳ್ಳಿ ಕಡೆಯವರು, ಅಪ್ಪ ಹೋದ ಮೇಲೆ ಬೆಂಗಳೂರಿಗೆ ನನ್ನ ಮನೆಗೆ ಬಂದವರು. ಸಂಜೆ ಆದರೆ ಚೀಲ ಹಿಡಿದುಕೊಂಡು ಬಸ್ಸಿಗೆ ಹೊತ್ತಾಯಿತು ಅಂತ ಹೊರಡುತ್ತಿದ್ದರು. ಮನೆಯಲ್ಲಿ ಹಗಲಿಗೊಬ್ಬರು, ರಾತ್ರಿಗೊಬ್ಬರು ಅಂತ ಇಟ್ಟುಕೊಂಡು ಎಳೆದೆವು. ಏಜೆನ್ಸಿಯವರು ತಿಂಗಳಿಗೊಬ್ಬರನ್ನು ಬದಲಾಯಿಸುತ್ತಿದ್ದರು. ಒಂದು ರಾತ್ರಿ ಅಮ್ಮ ಗ್ಯಾಸ್ ಹಚ್ಚಿಟ್ಟು ಮಲಗಿದ ಮೇಲೆ, ಇನ್ನು ಮನೆಯಲ್ಲಿ ಆಗುವುದಿಲ್ಲ ಅಂತ ತೀರ್ಮಾನಿಸಿದೆವು. ನೆಂಟರು ಏನಂದರು ಅನ್ನುವುದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಅಂದವರು ಯಾರೂ ಒಂದು ರಾತ್ರಿ ಬಂದು ಅಮ್ಮನ ಜೊತೆ ಕೂತವರಲ್ಲ.

ಮೊದಲು ಕಾಗದ ಪತ್ರದ ವಿಷಯ ಹೇಳಿಬಿಡುತ್ತೇನೆ. ಲೈಸೆನ್ಸ್ ಇದೆಯಾ ಅಂತ ಕೇಳುವುದು ಸಹಜ. ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಯಾವ ಲೈಸೆನ್ಸ್ ಅಂತ ಕೇಳಿದರೆ ಕತೆ ಶುರುವಾಗುತ್ತದೆ. ಒಬ್ಬರು ಟ್ರಸ್ಟ್ ನೋಂದಣಿ ಪತ್ರ ತೋರಿಸಿದರು. ಒಬ್ಬರು ಟ್ರೇಡ್ ಲೈಸೆನ್ಸ್ ತೋರಿಸಿದರು. ಇನ್ನೊಬ್ಬರು ತೋರಿಸಿದ್ದು ಜಿಎಸ್‌ಟಿ ಸರ್ಟಿಫಿಕೇಟ್! ಇವುಗಳಲ್ಲಿ ಯಾವುದೂ ಒಳಗಿನ ಆರೈಕೆ ಹೇಗಿದೆ ಅಂತ ಹೇಳುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೊಂದಾದರೂ 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ಸರ್ಕಾರ ಮಾಡಬಹುದು ಅಂತಿದೆ. ಖಾಸಗಿ ಕೇರ್ ಹೋಮ್‌ಗಳೆಲ್ಲ ಕಡ್ಡಾಯವಾಗಿ ನೋಂದಣಿ ಆಗಬೇಕು, ಕನಿಷ್ಠ ಮಟ್ಟದ ಸೌಲಭ್ಯ ಇರಬೇಕು ಅನ್ನುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಪಾಸಾಗಲಿಲ್ಲ. ಆ ಲೋಕಸಭೆಯ ಅವಧಿಯ ಜೊತೆಗೆ ಅದೂ ಮುಗಿಯಿತು.

ಹಾಗಂತ ಕೇಳಲು ಏನೂ ಇಲ್ಲ ಅಂತಲ್ಲ. ಚಿಕಿತ್ಸೆಯೂ ಕೊಡುತ್ತೇವೆ, ಡಾಕ್ಟರು ನರ್ಸು ಇದ್ದಾರೆ ಅನ್ನುವ ಕಡೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಸರ್ಟಿಫಿಕೇಟ್ ಕೇಳಬಹುದು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳು ನೋಂದಣಿ ಮಾಡಿಸಿಕೊಳ್ಳುವುದು ಆ ಕಾಯ್ದೆಯ ಕೆಳಗೆ. ಮಾನಸಿಕ ಕಾಯಿಲೆ ಇರುವವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕಡೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಕೇಳಬಹುದು. ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆಯಾ ನೋಡಬಹುದು. ಇಷ್ಟು ಕೇಳುವಾಗ ಎದುರಿನವರ ಮುಖ ನೋಡಬೇಕು. ಕೆಲವರು ಫೈಲ್ ತಂದು ಮುಂದಿಟ್ಟರು. ಒಬ್ಬರು, "ಮೇಡಂ, ನೀವು ಅಮ್ಮನ್ನ ಸೇರಿಸೋಕೆ ಬಂದಿದೀರೋ ರೈಡ್ ಮಾಡೋಕೆ ಬಂದಿದೀರೋ?" ಅಂತ ನಕ್ಕರು. ಆ ನಗುವಿಗೇ ನಾವು ಎದ್ದು ಬಂದೆವು.

ಲಂಡನ್ನಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಫೋನಿನಲ್ಲಿ ಇದನ್ನೆಲ್ಲ ಕೇಳಿ ಆಶ್ಚರ್ಯಪಟ್ಟ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಅಂತ ಒಂದು ಸಂಸ್ಥೆ 2009ರಿಂದ ಇದೇ ಕೆಲಸ ಮಾಡುತ್ತಿದೆ. ಅವರು ಕೇರ್ ಹೋಮ್‌ಗೆ ಹೋಗಿ ನೋಡಿ, ಅತ್ಯುತ್ತಮದಿಂದ ಹಿಡಿದು ಸಾಲದು ಅನ್ನುವವರೆಗೆ ನಾಲ್ಕು ದರ್ಜೆ ಕೊಡುತ್ತಾರೆ. ಆ ದರ್ಜೆಯನ್ನು ಜನರಿಗೆ ಕಾಣುವ ಹಾಗೆ ಹಾಕಲೇಬೇಕು. ಅವರು ಕೇಳಿಕೊಳ್ಳುವ ಪ್ರಶ್ನೆ ಐದು: ಸುರಕ್ಷಿತವಾಗಿದೆಯಾ, ಆರೈಕೆಯಿಂದ ಉಪಯೋಗ ಆಗುತ್ತಿದೆಯಾ, ಪ್ರೀತಿಯಿಂದ ನೋಡಿಕೊಳ್ಳುತ್ತಾರಾ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ಸ್ಪಂದಿಸುತ್ತಾರಾ, ನಡೆಸುವವರು ಸರಿ ಇದ್ದಾರಾ. ಅದನ್ನು ಅವನು ನಮಗೆ ವಾಟ್ಸಾಪಿನಲ್ಲಿ ಕಳಿಸಿದ. ಸಿಸ್ಟರಮ್ಮನಿಗೆ ಓದಿ ಹೇಳಿದೆ. "ಸರಿಯಾಗಿದೆ. ಆದರೆ ಇಲ್ಲಿ ಆ ಸಂಸ್ಥೆ ನಾವೇ ಆಗ್ಬೇಕು," ಅಂದರು.

ಹಾಗೆ ನಾವು ಮೂರು ಜನ ಇನ್‌ಸ್ಪೆಕ್ಟರುಗಳಾದೆವು. ಅಕ್ಕ ಶಿವಮೊಗ್ಗದಿಂದ ಬಂದಾಗಲೆಲ್ಲ ಒಂದೆರಡು ಜಾಗ ನೋಡುತ್ತಿದ್ದೆವು. ಅವಳು ದುಡ್ಡಿನ ಲೆಕ್ಕ ಕೇಳುವವಳು. ನಾನು ಸಿಬ್ಬಂದಿಯ ಜೊತೆ ಮಾತಿಗೆ ಕೂರುವವಳು. ಸಿಸ್ಟರಮ್ಮ ಮಾತ್ರ ಸೀದಾ ಬಾತ್‌ರೂಮಿಗೆ.

ಬಾತ್‌ರೂಮಿನಲ್ಲಿ ಅವರು ಏನು ನೋಡುತ್ತಾರೆ ಅಂತ ಒಂದು ಸಲ ಹಿಂದೆಯೇ ಹೋಗಿ ನೋಡಿದೆ. ಮೊದಲು ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ಕಾಲು ಒತ್ತಿ ಜಾರಿಸಿ ನೋಡಿದರು. ಆಮೇಲೆ ಕಮೋಡಿನ ಪಕ್ಕದ ಸ್ಟೀಲ್ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ಜಗ್ಗಿದರು. ಒಂದು ಕಡೆ ಆ ಹಿಡಿಕೆ ಸ್ಕ್ರೂ, ಗಾರೆ ಸಮೇತ ಅವರ ಕೈಗೇ ಬಂತು. ಮ್ಯಾನೇಜರ್ ಮುಖ ಕಪ್ಪಿಟ್ಟಿತು. ಸಿಸ್ಟರಮ್ಮ ಅದನ್ನು ಮೆತ್ತಗೆ ವಾಶ್‌ಬೇಸಿನ್ ಮೇಲೆ ಇಟ್ಟು, "ನಾನು ಐವತ್ತೆಂಟು ಕೇಜಿ," ಅಂದರು, ಅಷ್ಟೇ. ಬಾಗಿಲಿನ ಚಿಲಕ ಹೊರಗಿನಿಂದ ತೆಗೆಯಲು ಬರುತ್ತದಾ ನೋಡುತ್ತಿದ್ದರು. ಬಾಗಿಲು ಒಳಗೆ ತೆರೆಯುತ್ತದಾ, ಹೊರಗಾ? ಒಳಗೆ ತೆರೆಯುವುದಾದರೆ, ಬಿದ್ದವರ ಮೈ ಬಾಗಿಲಿಗೆ ಅಡ್ಡ ಬಂದು ತಳ್ಳಲು ಆಗುವುದಿಲ್ಲ. ಕರೆಗಂಟೆಯ ಹಗ್ಗ ನೆಲದ ಹತ್ತಿರದವರೆಗೂ ಇಳಿಬಿದ್ದಿರಬೇಕು, ಬಿದ್ದವರ ಕೈಗೆ ಸಿಗಬೇಕು. ನಾವು ನೋಡಿದ ಹೆಚ್ಚಿನ ಕಡೆ ಅದನ್ನು ಗುಡಿಸುವಾಗ ಅಡ್ಡ ಬರುತ್ತದೆ ಅಂತ ಮೇಲೆ ಸುತ್ತಿ ಕಟ್ಟಿದ್ದರು. ಗಂಟೆ ಒತ್ತಿ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕಾಯುವುದೂ ಅವರ ಅಭ್ಯಾಸ. ಮ್ಯಾನೇಜರ್ ಪಕ್ಕದಲ್ಲೇ ಇದ್ದರೂ ಕೆಲವು ಕಡೆ ಯಾರೂ ಬರಲಿಲ್ಲ.

ಬಿದ್ದವರ ವಿಷಯ ಬಂದಿದ್ದಕ್ಕೆ ಒಂದು ಮಾತು. "ಇಲ್ಲಿ ಯಾರಾದರೂ ಬಿದ್ದಿದ್ದಾರಾ?" ಅಂತ ನಾವು ಎಲ್ಲ ಕಡೆ ಕೇಳುತ್ತಿದ್ದೆವು. "ನಮ್ಮಲ್ಲಿ ಇವತ್ತಿನವರೆಗೆ ಒಬ್ಬರೂ ಬಿದ್ದಿಲ್ಲ ಮೇಡಂ" ಅಂತ ಹೆಮ್ಮೆಯಿಂದ ಹೇಳಿದ ಜಾಗಗಳನ್ನು ಸಿಸ್ಟರಮ್ಮ ಮೊದಲು ಕೈಬಿಟ್ಟರು. ಎಂಬತ್ತು ದಾಟಿದ ಇಪ್ಪತ್ತು ಮೂವತ್ತು ಜನ ಇರುವ ಕಡೆ ಯಾರೂ ಬೀಳುವುದೇ ಇಲ್ಲ ಅಂದರೆ, ಒಂದೋ ಬಿದ್ದಿದ್ದನ್ನು ಬರೆದಿಡುವುದಿಲ್ಲ, ಇಲ್ಲವೇ ಏಳಲು ಬಿಡುವುದಿಲ್ಲ. ಎರಡನೆಯದನ್ನು ಕಣ್ಣಾರೆ ನೋಡಿದೆವು. ಊರಾಚೆಯ ಒಂದು ಜಾಗ. ಮಹಡಿಯ ಮೂಲೆಯಲ್ಲಿ ಒಬ್ಬ ತಾತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹೊಟ್ಟೆಯ ಸುತ್ತ ಹಳದಿ ವೇಲು. ಅದರ ಗಂಟು ಕುರ್ಚಿಯ ಹಿಂದೆ, ಅವರ ಕೈಗೆ ಸಿಗದ ಕಡೆ. ಕೇಳಿದರೆ, "ಸೇಫ್ಟಿಗೆ ಮೇಡಂ, ಎದ್ದರೆ ಬೀಳ್ತಾರೆ" ಅಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಆಗಲೇ ಆಗುವ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಅದೂ ಮನೋವೈದ್ಯರ ಅನುಮತಿಯಿಂದ ಮಾತ್ರ ಹೀಗೆ ಕಟ್ಟಿಡಬಹುದು. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದು ಅಂತ ಕಟ್ಟುವಂತಿಲ್ಲ. ಮನೆಗೆ ಬಂದ ಮೇಲೆ ನಾನು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಜಾಗದ ವಿವರ ಕೊಟ್ಟೆ. ಅವರು ಬರೆದುಕೊಂಡರು.

ಬಟ್ಟೆಯಿಂದ ಕಟ್ಟದೆ ಮಾತ್ರೆಯಿಂದ ಕಟ್ಟುವ ಕಡೆಯೂ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಹೋಮ್ ತುಂಬಾ ಶಾಂತವಾಗಿತ್ತು. ಅಕ್ಕನಿಗೆ ಬಹಳ ಹಿಡಿಸಿತು. ಬೆಳಿಗ್ಗೆ ಹನ್ನೊಂದು ಗಂಟೆ, ಟಿವಿಯಲ್ಲಿ ಭಜನೆ, ಹಾಲಿನಲ್ಲಿ ಹತ್ತು ಹನ್ನೆರಡು ಜನ. ಸಿಸ್ಟರಮ್ಮ ನನ್ನ ಕೈ ಹಿಡಿದು, "ಗಲ್ಲ ನೋಡು" ಅಂದರು. ಎಲ್ಲರ ಗಲ್ಲವೂ ಎದೆಗೆ ಒರಗಿತ್ತು. ಒಬ್ಬರ ಬಾಯಿಂದ ಜೊಲ್ಲು ಸುರಿದು ಅಂಗಿ ಒದ್ದೆ. ತಿಂಡಿ ತಿಂದು ಎರಡು ಗಂಟೆಯಲ್ಲಿ ಎಲ್ಲರಿಗೂ ಒಟ್ಟಿಗೆ ನಿದ್ದೆ ಬರುತ್ತದಾ? ಕ್ವೆಟಿಯಾಪಿನ್ ತರಹದ ಮನೋರೋಗದ ಮಾತ್ರೆಗಳನ್ನು ಡಿಮೆನ್ಷಿಯಾ ಇರುವ ಹಿರಿಯರಿಗೆ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೊಡಲೇಬಾರದು ಅಂತಲ್ಲ, ಕೆಲವರಿಗೆ ಬೇಕಾಗುತ್ತದೆ. ಯಾರು ಬರೆದುಕೊಟ್ಟರು, ಯಾವಾಗ ಮತ್ತೆ ನೋಡಿ ಕಡಿಮೆ ಮಾಡುತ್ತಾರೆ, ಮನೆಯವರಿಗೆ ಹೇಳುತ್ತಾರಾ ಅನ್ನುವುದು ಪ್ರಶ್ನೆ. ಅಲ್ಲಿ ಅದಕ್ಕೆ ಸಿಕ್ಕ ಉತ್ತರ, "ಡಾಕ್ಟರು ವಾರಕ್ಕೊಮ್ಮೆ ಫೋನಲ್ಲಿ ಹೇಳ್ತಾರೆ."

ಮಾತ್ರೆಯ ಚಾರ್ಟ್ ನೋಡುವುದನ್ನು ನನಗೆ ಕಲಿಸಿದ್ದೂ ಸಿಸ್ಟರಮ್ಮನೇ. "ಹೆಸರು ಮುಚ್ಚಿ ತೋರಿಸಿ ಸಾಕು," ಅಂತ ಕೇಳುತ್ತಿದ್ದರು, ಬೇರೆಯವರ ಕಾಯಿಲೆ ನಮಗೆ ಯಾಕೆ ಅಂತ. ಒಂದು ಕಡೆ ಚಾರ್ಟ್ ಕೈಗೆ ಬಂದಾಗ ಸಂಜೆ ನಾಲ್ಕು ಗಂಟೆ. ರಾತ್ರಿ ಒಂಬತ್ತರ ಮಾತ್ರೆಗೂ ಆಗಲೇ ಟಿಕ್ ಬಿದ್ದಿತ್ತು. ಎಲ್ಲ ಸಾಲಿಗೂ, ಒಂದೇ ನೀಲಿ ಪೆನ್ನು, ಒಂದೇ ಓರೆ. ಮಾತ್ರೆಯ ಬೀರು ತೆಗೆದರೆ, ಸ್ಟ್ರಿಪ್‌ನಿಂದ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳು ಡಬ್ಬಿಗಳಲ್ಲಿ. ಕತ್ತರಿಸುವಾಗ ಹೆಸರು ಒಂದು ಕಡೆ ಹೋಗಿದೆ, ಎಕ್ಸ್‌ಪೈರಿ ದಿನಾಂಕ ಇನ್ನೊಂದು ಕಡೆ. ಇನ್ಸುಲಿನ್ ಎಲ್ಲಿಡುತ್ತೀರಿ ಅಂದರೆ ಅಡುಗೆಮನೆಯ ಫ್ರಿಜ್ ತೋರಿಸಿದರು. ಡೀಪ್ ಫ್ರೀಜರಿಗೆ ಒತ್ತಿಕೊಂಡು, ಇಡ್ಲಿ ಹಿಟ್ಟಿನ ಪಕ್ಕ. ತೆರೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಕೆಲಸ ಮಾಡುವವರ ಬಗ್ಗೆ ಬ್ರೋಷರಿನಲ್ಲಿ ಎಲ್ಲ ಕಡೆ ಒಂದೇ ಸಾಲು: ತರಬೇತಿ ಪಡೆದ ಸಿಬ್ಬಂದಿ, 24 ಗಂಟೆ ನರ್ಸ್. ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದವರು ಯಾರು, ಅಟೆಂಡರ್ ಯಾರು ಅಂತ ಬಿಡಿಸಿ ಕೇಳಬೇಕು. ನಾನು ಮ್ಯಾನೇಜರ್ ಹತ್ತಿರ ಕೇಳುವುದಕ್ಕಿಂತ ಬಟ್ಟೆ ಒಣಗಿಸುವ ಹುಡುಗಿಯರ ಹತ್ತಿರ ಜಾಸ್ತಿ ಕೇಳುತ್ತಿದ್ದೆ. ಯಾವೂರು, ಬಂದು ಎಷ್ಟು ದಿನ ಆಯಿತು, ರಾತ್ರಿ ಎಷ್ಟು ಜನ ಇರುತ್ತೀರಿ, ರಜಾ ಯಾವಾಗ? ರಾಯಚೂರು, ಯಾದಗಿರಿ ಕಡೆಯವರಿದ್ದರು. ಒಡಿಶಾ, ಅಸ್ಸಾಂ, ಜಾರ್ಖಂಡ್‌ನಿಂದ ಬಂದವರಿದ್ದರು. ಒಂದು ಕಡೆ ಹಗಲು ಕೆಲಸ ಮಾಡಿದವರೇ ರಾತ್ರಿಯೂ ಇರುತ್ತಿದ್ದರು. ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗುವುದು. ಇಪ್ಪತ್ತೆರಡು ಜನಕ್ಕೆ ಇಬ್ಬರು. ದಿನವಿಡೀ ದುಡಿದ ಆ ಹುಡುಗಿ ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಬೇಕು ಅಂದರೆ ಅದು ಅವಳ ಮೇಲೂ ಅನ್ಯಾಯ. ಸಿಬ್ಬಂದಿಯನ್ನು ಹೀಗೆ ನಡೆಸಿಕೊಳ್ಳುವ ಜಾಗದಲ್ಲಿ ಅಮ್ಮನನ್ನು ಬೇರೆ ಥರ ನಡೆಸಿಕೊಳ್ಳುತ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ಭಾಷೆಯ ವಿಷಯ ನಮಗೆ ಮುಖ್ಯವಾಗಿತ್ತು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಅದೂ ಈಗೀಗ ಅರ್ಧ ವಾಕ್ಯಕ್ಕೆ ನಿಂತುಹೋಗುತ್ತದೆ. ಹೊಟ್ಟೆನೋವು ಅಂತ ಹೇಳಲು ಬರದಿದ್ದಾಗ ಹೊಟ್ಟೆ ಹಿಡಿದುಕೊಂಡು ಸಿಡುಕುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳುವವರು ಪ್ರತಿ ಪಾಳಿಯಲ್ಲಿ ಒಬ್ಬರಾದರೂ ಬೇಕು ಅಂತ ಹಟ ಹಿಡಿದೆವು. ಊಟವೂ ಅಷ್ಟೇ. ಮಲೆನಾಡಿನ ಹೆಂಗಸು, ರಾತ್ರಿ ಗಂಜಿ ಬೇಕು, ಮಿಡಿ ಉಪ್ಪಿನಕಾಯಿ ಬೇಕು. ಉಪ್ಪಿನಕಾಯಿ ಬಿಪಿಗೆ ಆಗುವುದಿಲ್ಲ ಅಂತ ಡಾಕ್ಟರು ಬಿಡಿಸಿದ್ದಾರೆ, ಆದರೆ ಗಂಜಿ ಕೊಡಬಹುದಲ್ಲ. ಮೆನು ಬೋರ್ಡ್ ನೋಡುವುದಕ್ಕಿಂತ ಊಟದ ಹೊತ್ತಿಗೆ ಹೋಗಿ ನೋಡುವುದು ಒಳ್ಳೆಯದು. ಒಂದು ಹೋಮ್‌ನಲ್ಲಿ ರಾತ್ರಿಯೂಟ ಐದೂವರೆಗೇ ಮುಗಿಯುತ್ತಿತ್ತು, ಅಡುಗೆಯವರ ಕೊನೆ ಬಸ್ಸಿಗಾಗಿ. ಮರುದಿನ ಬೆಳಿಗ್ಗೆ ಎಂಟೂವರೆಯ ತಿಂಡಿಯವರೆಗೆ ಹದಿನೈದು ಗಂಟೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರ ಗತಿ?

ಬೀಗದ ವಿಷಯದಲ್ಲಿ ನಮ್ಮ ಮೂವರಲ್ಲೇ ಜಗಳ ಆಯಿತು. ಅಮ್ಮ ಹೊರಗೆ ಹೋಗುವವರು, ಗೇಟಿಗೆ ಬೀಗ ಇರಲೇಬೇಕು ಅಂತ ಅಕ್ಕ. ಮೆಟ್ಟಿಲಿನ ಗ್ರಿಲ್ಲಿಗೆ ರಾತ್ರಿ ಬೀಗ ಹಾಕಿ ಕೀಲಿ ಮ್ಯಾನೇಜರ್ ಮನೆಗೆ ತೆಗೆದುಕೊಂಡು ಹೋಗುವ ಜಾಗ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲು ಆಗಲಿಲ್ಲ. ಆ ಸುದ್ದಿ ಓದಿದ್ದು ನನಗೆ ಇನ್ನೂ ನೆನಪಿದೆ. ಬೀಗ ಇರಲಿ, ಕೀಲಿ ರಾತ್ರಿ ಪಾಳಿಯವರ ಸೊಂಟದಲ್ಲಿ ಇರಬೇಕು. ಹಾಸಿಗೆ ಹಿಡಿದವರು ಮೂರನೇ ಮಹಡಿಯಲ್ಲಲ್ಲ, ನೆಲಮಹಡಿಯಲ್ಲಿರಬೇಕು. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯಾ, ಚೀಟಿಯಲ್ಲಿ ರೀಫಿಲ್ ದಿನಾಂಕ ಯಾವುದು ಅಂತ ನೋಡಲು ಅರ್ಧ ನಿಮಿಷ ಸಾಕು. ಅದನ್ನು ಬಳಸಲು ಬರುತ್ತದಾ ಅಂತ ಒಬ್ಬ ಅಟೆಂಡರ್‌ನನ್ನು ಕೇಳಿದೆ. "ಅದು ಮುಟ್ಟಬಾರದು ಅಂತ ಹೇಳಿದಾರೆ ಮೇಡಂ," ಅಂದ, ಪಾಪ.

ಹೋಗುವಾಗ ಫೋನ್ ಮಾಡಿ ಹೋಗುತ್ತಿದ್ದೆವು. ಇಷ್ಟವಾದ ಜಾಗಕ್ಕೆ ಮತ್ತೆ ಹೇಳದೇ ಹೋಗುತ್ತಿದ್ದೆವು, ಸಂಜೆ ಏಳರ ಮೇಲೆ. ಭಾನುವಾರ ಮೂರರಿಂದ ಐದು ಮಾತ್ರ ಭೇಟಿ ಅನ್ನುವ ಕಡೆಗಳನ್ನು ಅಲ್ಲಿಗೇ ಬಿಟ್ಟೆವು. ಕಷ್ಟದ ಕಾಲದಲ್ಲಿ ಏನು ಮಾಡಿದಿರಿ ಅಂತಲೂ ಕೇಳುತ್ತಿದ್ದೆವು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಆದಾಗ ಇಲ್ಲಿ ಸ್ನಾನ ಹೇಗೆ ನಡೆಯಿತು? ಕರೆಂಟ್ ಹೋದರೆ ಆಕ್ಸಿಜನ್ ಮೆಷಿನ್ ಯುಪಿಎಸ್‌ನಲ್ಲಿ ಎಷ್ಟು ಹೊತ್ತು ಓಡುತ್ತದೆ? ರಾತ್ರಿ ಎದೆನೋವು ಬಂದರೆ ಯಾವ ಆಸ್ಪತ್ರೆ, 108 ಬರುವವರೆಗೆ ಜೊತೆಗೆ ಯಾರು? ನಿಜವಾಗಿ ಅನುಭವಿಸಿದವರು ತಡವರಿಸದೆ, ಬೈದುಕೊಂಡು ಹೇಳುತ್ತಾರೆ. ಟ್ಯಾಂಕರಿನವನು ಕೇಳಿದ ರೇಟನ್ನೂ ಹೇಳುತ್ತಾರೆ.

ಕೊನೆಗೆ ಒಪ್ಪಿದ ಜಾಗಕ್ಕೆ ಗಾರ್ಡನ್ ಇಲ್ಲ. ಹಳೆಯ ಮನೆ, ಹೊರಗೋಡೆಯ ಬಣ್ಣ ಎದ್ದಿದೆ, ಮುಂದೆ ಒಂದು ನುಗ್ಗೆಮರ. ಹತ್ತೊಂಬತ್ತು ಜನ ಇದ್ದಾರೆ. ನಡೆಸುವವರು ಒಬ್ಬ ಹೆಂಗಸು, ಮಾತು ಕಡಿಮೆ. ಗಾಲಿಕುರ್ಚಿಗೆ ಮಾಡಿದ ಇಳಿಜಾರು ಒಂದಕ್ಕೆ ಹನ್ನೆರಡರ ಅಳತೆಯಲ್ಲಿತ್ತು, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಅದಕ್ಕಾಗಿ ಅರ್ಧ ಅಂಗಳ ಕಳೆದುಕೊಂಡಿದ್ದಾರೆ. ಬಿದ್ದವರ ಪುಸ್ತಕ ಕೇಳಿದ ತಕ್ಷಣ ತಂದುಕೊಟ್ಟರು. ಅದು ಖಾಲಿ ಇರಲಿಲ್ಲ. ಯಾವಾಗ, ಎಲ್ಲಿ, ಯಾರು ನೋಡಿದರು, ಮನೆಯವರಿಗೆ ಎಷ್ಟು ಹೊತ್ತಿಗೆ ಹೇಳಿದರು, ಆಮೇಲೆ ಏನು ಬದಲಾಯಿಸಿದರು, ಎಲ್ಲ ಬರೆದಿತ್ತು. ಒಂದು ಕಡೆ "ಮಂಚದ ಎತ್ತರ ಇಳಿಸಿದೆ" ಅಂತ ವಕ್ರ ಅಕ್ಷರದಲ್ಲಿ ಇತ್ತು.

ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ. ಮೂಗಿಗೆ ಆಹಾರ ಕೊಡುವ ರೈಲ್ಸ್ ಟ್ಯೂಬ್. ಮಾತಿಲ್ಲ, ಕಣ್ಣು ಮಾತ್ರ ಆಡುತ್ತದೆ. ಸಿಸ್ಟರಮ್ಮ ಹೋಗಿ ನಿಂತರು. ಗಾಳಿ ಹಾಸಿಗೆಯ ಮೋಟಾರು ಓಡುತ್ತಿತ್ತು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಎರಡೆರಡು ಗಂಟೆಗೆ ಎಡ, ಬಲ, ಅಂಗಾತ ಅಂತ ಬರೆದು ಸಹಿ. ಕೊನೆಯ ಸಹಿ ಆಗಿ ಅರ್ಧ ಗಂಟೆ ಆಗಿತ್ತು. ಹಾಳೆಯಲ್ಲಿ ಎಡ ಅಂತಿತ್ತು, ಅಜ್ಜಿ ಎಡ ಮಗ್ಗುಲಲ್ಲೇ ಇದ್ದರು. "ಹಿಮ್ಮಡಿ ನೋಡಬಹುದಾ?" ಅಂತ ಸಿಸ್ಟರಮ್ಮ ಕೇಳಿದರು. ಸಿಂಧನೂರಿನ ಕಡೆಯ ಆ ಅಟೆಂಡರ್ ಹುಡುಗಿ ನಮಗೆ ಉತ್ತರ ಕೊಡಲಿಲ್ಲ. ಅಜ್ಜಿಯ ಮುಖದ ಹತ್ತಿರ ಬಗ್ಗಿ, "ಅಜ್ಜೀ, ಇವ್ರು ನಿಮ್ ಕಾಲು ನೋಡ್ತಾರಂತ್ರಿ, ಹೊದಿಕಿ ಒಂಚೂರು ತೆಗೀಲೇನ್ರಿ?" ಅಂತ ಕೇಳಿ, ಒಂದು ಕ್ಷಣ ಕಾದು, ಆಮೇಲೆ ಹೊದಿಕೆ ಸರಿಸಿದಳು. ಕಣಕಾಲಿನ ಕೆಳಗೆ ಮಡಿಸಿದ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ಚರ್ಮ ಕೆಂಪಾಗಿರಲಿಲ್ಲ, ಹಾಸಿಗೆ ಹುಣ್ಣಿನ ಗುರುತಿರಲಿಲ್ಲ. ಉಗುರು ಕತ್ತರಿಸಿತ್ತು. ಬಾಯಿ ಒಣಗಿರಲಿಲ್ಲ. ಕೋಣೆಯಲ್ಲಿ ಮೂತ್ರದ ವಾಸನೆಯೂ ಇಲ್ಲ, ಅದನ್ನು ಮುಚ್ಚುವ ಫಿನಾಯಿಲ್ ಘಾಟೂ ಇಲ್ಲ. ಹೊರಗೆ ಬಂದು ಸಿಸ್ಟರಮ್ಮ ಅಕ್ಕನಿಗೆ, "ಇನ್ನು ನಿನ್ನ ಲೆಕ್ಕ ಮಾತಾಡು," ಅಂದರು.

ಅಕ್ಕನ ಲೆಕ್ಕ ಸುಲಭದ್ದಲ್ಲ. ನಾವು ನೋಡಿದ ಕಡೆ ತಿಂಗಳಿಗೆ ಮೂವತ್ತರಿಂದ ಎಪ್ಪತ್ತು ಸಾವಿರದವರೆಗೆ ಇತ್ತು. ಹೇಳುವ ರೇಟು ಒಂದು, ಬಿಲ್ಲು ಇನ್ನೊಂದು. ಡೈಪರ್, ಫಿಸಿಯೋಥೆರಪಿ, ಡಾಕ್ಟರ ಭೇಟಿ, ಆಸ್ಪತ್ರೆಗೆ ಜೊತೆ ಹೋದವರ ಭತ್ಯೆ, ಗ್ಲೌಸ್ ಕೂಡ ಬೇರೆ. ಅವಳು ಬೇರೆಯವರ ಹಳೆಯ ಬಿಲ್ಲೊಂದನ್ನು, ಹೆಸರು ಮುಚ್ಚಿಸಿಕೊಂಡು, ಸಾಲು ಸಾಲಾಗಿ ಓದಿಸಿದಳು. ಅಗ್ರಿಮೆಂಟನ್ನು ಮನೆಗೆ ತಂದು ಓದಿದೆವು. "ಬಿದ್ದರೆ, ಗಾಯವಾದರೆ ಸಂಸ್ಥೆ ಯಾವುದೇ ರೀತಿಯಲ್ಲಿ ಜವಾಬ್ದಾರಿಯಲ್ಲ" ಅನ್ನುವ ಸಾಲಿಗೆ ಗೆರೆ ಎಳೆದು, ನಿರ್ಲಕ್ಷ್ಯ ಇಲ್ಲದಿದ್ದಲ್ಲಿ ಅಂತ ಸೇರಿಸಿದೆವು. ಬಿದ್ದರೆ ಅದೇ ದಿನ ತಿಳಿಸಬೇಕು. ನಿದ್ದೆ ಮಾತ್ರೆ, ಮನಸ್ಸಿನ ಮಾತ್ರೆ ಶುರು ಮಾಡುವ ಮೊದಲು ಕೇಳಬೇಕು. ಕಟ್ಟಿಡುವಂತಿಲ್ಲ. ಬಿಡಿಸಿಕೊಂಡು ಹೋದರೆ ಡೆಪಾಸಿಟ್ ಮೂವತ್ತು ದಿನದಲ್ಲಿ ವಾಪಸ್. ಯಾವಾಗ ಬೇಕಾದರೂ ನಾವು ಬರಬಹುದು. ಆ ಹೆಂಗಸು ಎಲ್ಲಕ್ಕೂ ಒಪ್ಪಲಿಲ್ಲ. ರಾತ್ರಿ ಹತ್ತರ ಮೇಲೆ ಬಂದರೆ ಬೇರೆಯವರ ನಿದ್ದೆ ಕೆಡುತ್ತದೆ, ಹೊರಗೆ ನಿಂತು ಫೋನ್ ಮಾಡಿ, ನಾನೇ ಕರಕೊಂಡು ಹೋಗಿ ತೋರಿಸುತ್ತೇನೆ ಅಂದರು. ಅದು ನ್ಯಾಯವಾಗಿತ್ತು.

ಮೊದಲು ಎರಡು ವಾರಕ್ಕೆ ಅಂತ ಬಿಟ್ಟೆವು. ಅಮ್ಮನ ಬಗ್ಗೆ ಒಂದು ಹಾಳೆ ಬರೆದುಕೊಟ್ಟೆ: ಬಲಗಿವಿ ಕೇಳುವುದಿಲ್ಲ, ಸ್ನಾನಕ್ಕೆ ಗಂಡಸರು ಹತ್ತಿರ ಬಂದರೆ ಹೆದರುತ್ತಾರೆ, ಸಂಜೆ ಬಸ್ಸು ಅಂದಾಗ ಇಲ್ಲ ಅನ್ನಬೇಡಿ, ಟಿಕೆಟ್ ದುಡ್ಡು ಇದೆಯಾ ಅಂತ ಕೇಳಿ ಜೊತೆಗೆ ಸ್ವಲ್ಪ ನಡೆಸಿ. ಮೊದಲ ವಾರ ಅತ್ತರು. ನಾನೂ ಅತ್ತೆ. ಎರಡನೇ ವಾರ ಸಿಂಧನೂರಿನ ಹುಡುಗಿಯನ್ನು ತಮ್ಮ ತಂಗಿ ಅಂದುಕೊಂಡು ಬೈಯಲು ಶುರುಮಾಡಿದರು. ಬೈಗುಳ ಬಂತು ಅಂದರೆ ಅಮ್ಮ ಆರಾಮಾಗಿದ್ದಾರೆ ಅಂತಲೇ ಅರ್ಥ.

ಸೇರಿಸಿದ ಮೇಲೂ ನೋಡುವುದು ನಿಂತಿಲ್ಲ. ಹೋದಾಗಲೆಲ್ಲ ತೂಕದ ಪಟ್ಟಿ ಕೇಳುತ್ತೇನೆ. ಒಂದೇ ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ ಡಾಕ್ಟರಿಗೆ ತೋರಿಸಬೇಕು ಅಂತ ಸಿಸ್ಟರಮ್ಮ ಹೇಳಿಕೊಟ್ಟಿದ್ದಾರೆ. ಅಮ್ಮನ ತಲೆ ಬಾಚುವ ನೆಪದಲ್ಲಿ ಬೆನ್ನು, ಮೊಣಕೈ ನೋಡುತ್ತೇನೆ. ಒಮ್ಮೆ ಮುಂಗೈ ಮೇಲೆ ನೀಲಿ ಕಲೆ ಇತ್ತು. ಪುಸ್ತಕ ತೆಗೆಸಿದೆ. ಹಿಂದಿನ ದಿನ ರಕ್ತ ತೆಗೆದಿದ್ದು, ಬರೆದಿತ್ತು.

ಒಂದು ಕೊರತೆ ಮಾತ್ರ ಮೊದಲಿನಿಂದ ಕಾಡುತ್ತಿತ್ತು. ರಾತ್ರಿ ಪಾಳಿಗೆ ಇಬ್ಬರೇ. ಒಬ್ಬರು ಆಸ್ಪತ್ರೆಗೆ ಹೋದರೆ ಹತ್ತೊಂಬತ್ತು ಜನಕ್ಕೆ ಉಳಿಯುವುದು ಒಬ್ಬರು. ಅಲ್ಲಿರುವವರ ಮನೆಯವರನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆವು. ಮೂರನೆಯವರು ಬೇಕು ಅಂತ ಒಟ್ಟಾಗಿ ಕೇಳಿದೆವು. ಆ ಹೆಂಗಸು ಸಂಬಳದ ಲೆಕ್ಕ ಮುಂದಿಟ್ಟು, ಒಬ್ಬೊಬ್ಬರಿಗೆ ತಿಂಗಳಿಗೆ ಒಂದೂವರೆ ಸಾವಿರ ಜಾಸ್ತಿ ಆಗುತ್ತದೆ ಅಂದರು. ಅಕ್ಕ ಶಿವಮೊಗ್ಗದಿಂದ ಬಂದು ಒಂದು ಮಧ್ಯಾಹ್ನ ಕೂತು ಸಾವಿರಕ್ಕೆ ಇಳಿಸಿದಳು. ಅದರ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಮೂವರಿದ್ದಾರೆ.